ಜಾಲರಿ ಯಾರನ್ನು ಕಾಯುತ್ತದೆ?

"ಫಿಲ್ಟರ್ ತೊಳೆದು ಇನ್ನೂ ವಾರ ಆಗಿಲ್ಲ, ಆದರೂ ಬೆಳಿಗ್ಗೆ ಎದ್ದರೆ ಗಂಟಲು ಕೆರೆತ, ತಲೆ ಭಾರ." ಎಸಿ ಇರುವ ಮನೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತಿದು. ಇದರೊಳಗೆ ಒಂದು ನಂಬಿಕೆ ಕೂತಿದೆ: ಎಸಿಯಲ್ಲಿರುವ ಫಿಲ್ಟರ್ ನಮ್ಮ ಉಸಿರಿಗಾಗಿ ಇಟ್ಟದ್ದು, ಅದು ಚೊಕ್ಕವಾಗಿದ್ದರೆ ಕೋಣೆಯ ಗಾಳಿಯೂ ಚೊಕ್ಕ. ದೂರು ನಿಜ, ನಂಬಿಕೆ ಮಾತ್ರ ತಪ್ಪು. ಈ ತಪ್ಪು ಎರಡೂ ಕಡೆ ನಷ್ಟ ಮಾಡುತ್ತದೆ. ಕೆಲವರು ಫಿಲ್ಟರ್ ತೊಳೆದು ಗಾಳಿಯ ಚಿಂತೆಯನ್ನೇ ಬಿಡುತ್ತಾರೆ. ಇನ್ನು ಕೆಲವರು, ಹೇಗಿದ್ದರೂ ಆ ಜಾಲರಿ ಏನನ್ನೂ ಹಿಡಿಯುವುದಿಲ್ಲವಂತೆ ಎಂದು ಕೇಳಿ ತೊಳೆಯುವುದನ್ನೇ ಬಿಡುತ್ತಾರೆ.

ಸ್ಪ್ಲಿಟ್ ಎಸಿಯ ಮುಂದಿನ ಮುಚ್ಚಳ ಎತ್ತಿ, ಜಾಲರಿಯನ್ನು ಹೊರತೆಗೆದು, ತೊಳೆದು, ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಆಚೆಗಿರುವುದೆಲ್ಲ ಕಾಣುತ್ತದೆ. ಎಳೆಯೆಳೆಯಾಗಿ ಹೆಣೆದ ಪ್ಲಾಸ್ಟಿಕ್ ಬಲೆ, ಅದರ ಒಂದೊಂದು ಕಣ್ಣೂ ಬರಿಗಣ್ಣಿಗೆ ಲೆಕ್ಕ ಸಿಗುವಷ್ಟು ದೊಡ್ಡದು. ಒಂದು ಕಣ್ಣು ಅರ್ಧ ಮಿಲಿಮೀಟರ್ ಅಂದುಕೊಂಡರೂ ಅದು 500 ಮೈಕ್ರಾನ್. ತಲೆಗೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರಾನ್. ಶ್ವಾಸಕೋಶದ ಆಳಕ್ಕೆ ಇಳಿಯುವ ಕಣಗಳು, ನಾವು ಪಿಎಂ 2.5 ಎಂದು ಕರೆಯುವವು, 2.5 ಮೈಕ್ರಾನ್ ಅಥವಾ ಅದಕ್ಕೂ ಸಣ್ಣವು. ಅಂದರೆ ಆ ಕಣ್ಣು ಕಣಕ್ಕಿಂತ ಇನ್ನೂರು ಪಟ್ಟು ಅಗಲ. ಕಬ್ಬಿಣದ ಗೇಟು ಹಾಕಿ ಸೊಳ್ಳೆ ತಡೆಯಲು ಹೊರಟ ಹಾಗೆ. ಜಾಲರಿಗೆ ಸಿಕ್ಕುವುದು ಬಟ್ಟೆಯ ನಾರು, ಕೂದಲು, ಸಾಕುಪ್ರಾಣಿಯ ರೋಮ, ದಪ್ಪ ಧೂಳು. ಹೊಗೆ ಸಿಗುವುದಿಲ್ಲ, ವಾಹನದ ಮಸಿ ಸಿಗುವುದಿಲ್ಲ, ಕೆಮ್ಮಿದಾಗ ಗಾಳಿಯಲ್ಲಿ ಉಳಿಯುವ ಸಣ್ಣ ಹನಿ ಸಿಗುವುದಿಲ್ಲ.

ಹಾಗಾದರೆ ಅದು ಅಲ್ಲಿ ಯಾಕಿದೆ? ಅದರ ಹಿಂದಿರುವ, ಗಾಳಿಯನ್ನು ತಣಿಸುವ ಕಾಯಿಲನ್ನು ಕಾಯಲು. ತಾಮ್ರದ ಕೊಳವೆಗಳಿಗೆ ಪೋಣಿಸಿದ ಕಾಗದದಷ್ಟು ತೆಳುವಾದ ಅಲ್ಯುಮಿನಿಯಂ ಹಾಳೆಗಳು, ಒಂದಕ್ಕೊಂದು ಮಿಲಿಮೀಟರೋ ಒಂದೂವರೆಯೋ ಅಂತರದಲ್ಲಿ, ನೂರಾರು. ಆ ಸಂದುಗಳಲ್ಲಿ ನಾರು ಸಿಕ್ಕಿಕೊಂಡರೆ ಯಂತ್ರದ ಕಥೆ ಮುಗಿದ ಹಾಗೆ. ಹವಾನಿಯಂತ್ರಣದ ಹುಟ್ಟೇ ಹಾಗಿದೆ. 1902ರಲ್ಲಿ ಇಂಜಿನಿಯರ್ ವಿಲ್ಲಿಸ್ ಕ್ಯಾರಿಯರ್ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕೆ ರೂಪಿಸಿದ ವ್ಯವಸ್ಥೆಯ ಗುರಿ ಮನುಷ್ಯರ ಆರಾಮವಲ್ಲ, ಗಾಳಿಯ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರದ ತೊಂದರೆ ನೀಗುವುದು. ತಂಪು ಮತ್ತು ತೇವ, ಈ ಎರಡನ್ನು ಎಸಿ ಬಲ್ಲದು. ಗಾಳಿಯ ಶುದ್ಧತೆ ಮನೆಯ ಎಸಿಯ ಮುಖ್ಯ ಕೆಲಸವಲ್ಲ. ಅದು ಇರುವುದು ಬಹುಪಾಲು ಪೆಟ್ಟಿಗೆಯ ಮೇಲಿನ ಬರಹದಲ್ಲಿ.

ಜಾಲರಿ ಕಟ್ಟಿಕೊಂಡಾಗ

ಯಂತ್ರವನ್ನು ಕಾಯುವ ಜಾಲರಿಗೂ ನಮ್ಮ ಉಸಿರಿಗೂ ನೇರ ನಂಟಿಲ್ಲದಿದ್ದರೂ ಸುತ್ತುಬಳಸಿನ ನಂಟು ಗಟ್ಟಿಯಾಗಿಯೇ ಇದೆ. ಜಾಲರಿ ಧೂಳಿನಿಂದ ತುಂಬಿದರೆ ಕಾಯಿಲಿನ ಮೇಲೆ ಹರಿಯುವ ಗಾಳಿ ಕಡಿಮೆಯಾಗುತ್ತದೆ. ಶಾಖ ಕೊಡುವ ಗಾಳಿ ಬಾರದೆ ಕಾಯಿಲ್ ಇನ್ನಷ್ಟು ತಣ್ಣಗಾಗುತ್ತಾ ಸೊನ್ನೆ ಡಿಗ್ರಿಗಿಂತ ಕೆಳಗಿಳಿಯುತ್ತದೆ, ಅದರ ಮೇಲಿನ ಬೆವರು ಮಂಜುಗಡ್ಡೆಯಾಗುತ್ತದೆ. ಮಂಜುಗಡ್ಡೆ ಉಳಿದ ಸಂದನ್ನೂ ಮುಚ್ಚುತ್ತದೆ, ಗಾಳಿ ಇನ್ನೂ ಕಡಿಮೆಯಾಗುತ್ತದೆ. ಎಸಿ ಆರಿಸಿದಾಗ ಗಡ್ಡೆಯೆಲ್ಲ ಒಟ್ಟಿಗೆ ಕರಗಿ, ಕೆಳಗಿನ ಟ್ರೇ ಹಿಡಿಸಲಾರದೆ ಗೋಡೆಯ ಮೇಲೆ ನೀರು ಇಳಿಯುತ್ತದೆ. ಮನೆಯವರು ಡ್ರೈನ್ ಪೈಪ್ ಕಟ್ಟಿದೆ ಅನ್ನುತ್ತಾರೆ, ರಿಪೇರಿಗೆ ಬಂದವರು ಗ್ಯಾಸ್ ಕಡಿಮೆಯಾಗಿದೆ ಅನ್ನುತ್ತಾರೆ. ಎರಡೂ ಇರಬಹುದು, ಆದರೆ ಮೊದಲು ನೋಡಬೇಕಾದ್ದು ಜಾಲರಿ. ಗುರುತು ಹಿಡಿಯಲು ಒಂದು ದಾರಿಯಿದೆ: ಗಾಳಿ ಸಾಲದೆ ಕಟ್ಟುವ ಮಂಜು ಸಾಮಾನ್ಯವಾಗಿ ಕಾಯಿಲಿನ ಉದ್ದಕ್ಕೂ ಹೆಚ್ಚುಕಡಿಮೆ ಸಮನಾಗಿ ಹಬ್ಬುತ್ತದೆ, ಗ್ಯಾಸ್ ಕಡಿಮೆಯಾದಾಗ ಗ್ಯಾಸ್ ಒಳಬರುವ ಒಂದು ಭಾಗದಲ್ಲಷ್ಟೇ ಕಟ್ಟಿ ಉಳಿದದ್ದು ಬೆಚ್ಚಗೇ ಉಳಿದಿರುತ್ತದೆ. ಯಾವುದೇ ಇರಲಿ, ಕೂಲಿಂಗ್ ನಿಲ್ಲಿಸಿ ಫ್ಯಾನ್ ಮಾತ್ರ ಓಡಿಸಿ ಗಡ್ಡೆ ತಾನಾಗಿ ಕರಗಲು ಬಿಡಬೇಕು. ಚಾಕು, ಸ್ಕ್ರೂಡ್ರೈವರ್ ಹಾಕಿ ಕೆತ್ತಿದರೆ ತಾಮ್ರದ ಕೊಳವೆ ತೂತಾಗುತ್ತದೆ.

ಇದಕ್ಕಿಂತ ಗಂಭೀರವಾದದ್ದು ಕಣ್ಣಿಗೆ ಬೀಳದ ಜಾಗದಲ್ಲಿ ನಡೆಯುತ್ತದೆ. ಎಸಿಯ ಸ್ವಿಚ್ ಆರಿಸಿ, ಗಾಳಿ ಹೊರಬರುವ ಬಾಯಿಯ ಪಟ್ಟಿಗಳನ್ನು ಮೆಲ್ಲಗೆ ತೆರೆದು ಒಳಗೆ ಟಾರ್ಚ್ ಬಿಡಿ. ಉದ್ದಕ್ಕೆ ಮಲಗಿಸಿದ ಉರುಳೆಯಂಥ ಫ್ಯಾನ್ ಕಾಣುತ್ತದೆ, ಅದಕ್ಕೆ ಬ್ಲೋವರ್ ಎನ್ನುತ್ತಾರೆ. ಅದರ ಸುತ್ತ ಬಾಗಿದ ಸಣ್ಣ ಸಣ್ಣ ರೆಕ್ಕೆಗಳು. ಹೊಸದಾಗಿದ್ದಾಗ ಪ್ರತಿ ರೆಕ್ಕೆಯ ಅಂಚು ಗೆರೆ ಎಳೆದ ಹಾಗೆ ಇರುತ್ತದೆ. ಎರಡು ಮೂರು ವರ್ಷ ಆರೈಕೆಯಿಲ್ಲದೆ ಓಡಿದ ಯಂತ್ರದಲ್ಲಿ ಆ ಅಂಚುಗಳು ಕಾಣುವುದೇ ಇಲ್ಲ. ರೆಕ್ಕೆಯ ಹೊಟ್ಟೆಯೊಳಗೆ ಬೂದು ಬಣ್ಣದ ಕಂಬಳಿಯ ಹಾಗೆ ಏನೋ ಅಂಟಿರುತ್ತದೆ. ಹತ್ತಿ ಸುತ್ತಿದ ಕಡ್ಡಿಯಲ್ಲಿ ಕೆರೆದರೆ ಪದರವಾಗಿ ಎದ್ದು ಬರುತ್ತದೆ, ಅಡಿಯಲ್ಲಿ ಕಪ್ಪು ಚುಕ್ಕೆ. ಜಾಲರಿ ದಾಟಿದ ನಯವಾದ ಧೂಳು ಕಾಯಿಲಿನ ತೇವಕ್ಕೆ ಒದ್ದೆಯಾಗಿ, ಅಲ್ಲಿಂದ ಮುಂದೆ ಹೋಗಿ ರೆಕ್ಕೆಗೆ ಮೆತ್ತಿಕೊಂಡದ್ದು ಅದು. ತೇವ, ಕತ್ತಲೆ, ತಿನ್ನಲು ಚರ್ಮದ ಹೊಟ್ಟು ಮತ್ತು ನಾರು: ಬೂಷ್ಟಿಗೆ ಬೇರೇನೂ ಬೇಡ. ಕೋಣೆಗೆ ಬೀಸುವ ಗಾಳಿಯೆಲ್ಲ ಈ ಕಂಬಳಿಯನ್ನು ಸವರಿಕೊಂಡೇ ಬರುತ್ತದೆ. ಎಸಿ ಹಾಕಿದ ಮೊದಲ ಎರಡು ನಿಮಿಷ ಮುಗ್ಗಲು ವಾಸನೆ ಬಂದು ಆಮೇಲೆ ಹೋದಂತಾಗುವುದು, ಗಾಳಿಯ ಜೊತೆ ಆಗಾಗ ನೀರಿನ ಹನಿ ಸಿಡಿಯುವುದು, ಫ್ಯಾನ್ ಪೂರ್ತಿ ವೇಗದಲ್ಲಿದ್ದರೂ ಗಾಳಿ ಮಂಚದ ತನಕ ಮುಟ್ಟದಿರುವುದು, ಮೂರೂ ಬ್ಲೋವರ್ ಕೊಳೆಯ ಗುರುತುಗಳು.

ಇಲ್ಲಿ ಒಂದು ಭಯವನ್ನು ಕಳೆಯಬೇಕು. ಎಸಿಯಿಂದ ಲೀಜಿಯೊನೇರ್ಸ್ ಎಂಬ ನ್ಯುಮೋನಿಯಾ ಬಗೆಯ ಕಾಯಿಲೆ ಬರುತ್ತದೆಂದು ಆಗಾಗ ಹೇಳುತ್ತಾರೆ. 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಸೇರಿದ್ದ ಜನರಲ್ಲಿ ಹಬ್ಬಿ ಗುರುತಿಗೆ ಬಂದ ಈ ಕಾಯಿಲೆಯ ಬ್ಯಾಕ್ಟೀರಿಯಾ ಬೆಚ್ಚಗಿನ ನೀರಿನಲ್ಲಿ ಬೆಳೆದು, ದೊಡ್ಡ ಕಟ್ಟಡಗಳ ಕೂಲಿಂಗ್ ಟವರಿನಂಥ ನೀರು ಸಿಂಪಡಿಸುವ ವ್ಯವಸ್ಥೆಗಳಿಂದ ಹರಡುತ್ತದೆ. ಮನೆಯ ಸ್ಪ್ಲಿಟ್ ಎಸಿಯಲ್ಲಿ ಅಂಥ ಟವರ್ ಇಲ್ಲ, ಅದರ ಕಾಯಿಲಿನ ನೀರು ತಣ್ಣಗಿರುತ್ತದೆ. ಬೂಷ್ಟು ಮತ್ತು ಅಲರ್ಜಿ ಮನೆಯ ಎಸಿಯ ನಿಜವಾದ ಚಿಂತೆ, ಆಸ್ತಮಾ ಇರುವವರಿಗಂತೂ ಅದು ಸಣ್ಣದಲ್ಲ.

ತೊಳೆಯುವ ಕೆಲಸ

ಎಲ್ಲರೂ ಮಾಡುವ, ಆದರೆ ಅರ್ಧದಷ್ಟು ಜನ ತಪ್ಪಾಗಿ ಮಾಡುವ ಕೆಲಸವಾದ್ದರಿಂದ ಬಿಡಿಸಿ ಹೇಳಬೇಕು. ರಿಮೋಟಿನಲ್ಲಿ ಆರಿಸಿದರೆ ಸಾಲದು, ಗೋಡೆಯ ಸ್ವಿಚ್ಚೋ ಎಂಸಿಬಿಯೋ ಕೆಳಗಿರಬೇಕು. ಮುಚ್ಚಳವನ್ನು ಎರಡೂ ಬದಿಯ ಹಿಡಿಕೆಯಲ್ಲಿ ಹಿಡಿದು ಒಟ್ಟಿಗೆ ಎತ್ತಬೇಕು. ಒಂದೇ ಕಡೆ ಎಳೆದರೆ ಕೀಲು ಮುರಿಯುತ್ತದೆ, ಆಮೇಲೆ ಅದು ಸದಾ ಕಟಕಟ ಎನ್ನುತ್ತಿರುತ್ತದೆ. ಜಾಲರಿಯ ಕೆಳಗಿನ ನಾಲಗೆಯನ್ನು ತುಸು ಮೇಲಕ್ಕೆ ಒತ್ತಿ, ಮುಂದಕ್ಕೆ ಬಾಗಿಸಿ, ಕೆಳಕ್ಕೆ ಎಳೆದರೆ ಬರುತ್ತದೆ. ಕೋಣೆಯೊಳಗೆ ಕೊಡವಬೇಡಿ. ಎರಡು ವಾರ ಹಿಡಿದಿಟ್ಟ ಧೂಳನ್ನು ಅರೆಕ್ಷಣದಲ್ಲಿ ಗಾಳಿಗೆ ಬಿಟ್ಟ ಹಾಗಾಗುತ್ತದೆ.

ಧೂಳು ಕೂತ ಮುಖದ ಕಡೆಯಿಂದ ಮೊದಲು ವ್ಯಾಕ್ಯೂಮ್ ಮಾಡಿ, ಆಮೇಲೆ ಹಿಂಬದಿಯಿಂದ ನೀರು ಬಿಡಬೇಕು. ಈ ಕ್ರಮಕ್ಕೆ ಕಾರಣವಿದೆ. ಮುಂಬದಿಯಿಂದ ನೀರು ಹಾಯಿಸಿದರೆ ಧೂಳು ಬಲೆಯ ಕಣ್ಣುಗಳಿಗೆ ಇನ್ನಷ್ಟು ಬಲವಾಗಿ ತೂರಿಕೊಳ್ಳುತ್ತದೆ. ಹಿಂಬದಿಯಿಂದ ಬಿಟ್ಟರೆ ಬಂದ ದಾರಿಯಲ್ಲೇ ಹೊರಹೋಗುತ್ತದೆ. ಅಡುಗೆಮನೆಯ ಜಿಡ್ಡು ಸೇರಿದ್ದರೆ ಉಗುರು ಬೆಚ್ಚಗಿನ ನೀರು, ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ, ಹತ್ತು ನಿಮಿಷ ನೆನೆ. 40 ಡಿಗ್ರಿಗಿಂತ ಬಿಸಿ ಬೇಡ, ಗಟ್ಟಿ ಬ್ರಷ್ ಬೇಡ. ನೆರಳಲ್ಲಿ ಒಣಗಿಸಿ. ಬಿಸಿಲಿಗೋ ಹೇರ್ ಡ್ರೈಯರಿಗೋ ಒಡ್ಡಿದರೆ ಚೌಕಟ್ಟು ಸೊಟ್ಟಗಾಗಿ ಅಂಚಿನಲ್ಲಿ ಸಂದು ಬಿಡುತ್ತದೆ, ಗಾಳಿ ಆ ಸಂದಿನಿಂದಲೇ ನುಗ್ಗುತ್ತದೆ. ಪೂರ್ತಿ ಒಣಗದೆ ಹಾಕಬೇಡಿ. ದಿನವೂ ಎಂಟು ಹತ್ತು ಗಂಟೆ ಓಡುವ ಎಸಿಗೆ ಎರಡು ವಾರಕ್ಕೊಮ್ಮೆ ಇದು ಆಗಬೇಕು. ಸಾಕುಪ್ರಾಣಿ ಇದ್ದರೆ, ಹತ್ತಿರದಲ್ಲಿ ಕಟ್ಟಡದ ಕೆಲಸ ನಡೆಯುತ್ತಿದ್ದರೆ ವಾರಕ್ಕೊಮ್ಮೆ.

ಜಾಲರಿಯ ಜೊತೆ ಕ್ಲಿಪ್ಪಿನಲ್ಲಿ ಕೂರುವ ಸಣ್ಣ ಪಟ್ಟಿಗಳಿದ್ದರೆ (ಕಪ್ಪಗೆ ಇದ್ದಿಲಿನದ್ದೋ ಬಿಳಿ ಮಡಿಕೆಯದ್ದೋ) ಅವನ್ನು ತೊಳೆಯುವ ಮೊದಲು ಕೈಪಿಡಿ ನೋಡಲೇಬೇಕು. ಬಿಳಿ ಪಟ್ಟಿಗಳು ಬಹುಪಾಲು ಸ್ಥಿರ ವಿದ್ಯುತ್ ತುಂಬಿದ ನಾರಿನವು. ಆ ವಿದ್ಯುತ್ತೇ ಸಣ್ಣ ಕಣವನ್ನು ಎಳೆದು ಹಿಡಿಯುವುದು. ಸೋಪು, ಸ್ಪಿರಿಟ್ ತಗುಲಿದರೆ ಅದು ಹೋಗುತ್ತದೆ. ಪಟ್ಟಿ ನೋಡಲು ಫಳಫಳ ಅನ್ನುತ್ತದೆ, ಕೆಲಸಕ್ಕೆ ಬಾರದು.

ಕಾಯಿಲ್ ಮತ್ತು ಬ್ಲೋವರ್ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಖಡಾಖಂಡಿತ. ಸ್ಪ್ರೇ ಡಬ್ಬಿಯ ನೊರೆ ಕಾಯಿಲಿನ ಮುಂಬದಿಯನ್ನು ಹೊಳೆಸುತ್ತದೆ, ಅಷ್ಟೇ. ದಪ್ಪ ಕೊಳೆಯಿದ್ದರೆ ಅದನ್ನು ಒಳಕ್ಕೆ ದೂಡಿ ಟ್ರೇಯ ಬಾಯಿಗೆ ತಂದು ಕೂರಿಸುತ್ತದೆ, ಹಿಂದಿರುವ ಬ್ಲೋವರನ್ನು ಮುಟ್ಟುವುದೇ ಇಲ್ಲ. ಜೋರು ಒತ್ತಡದ ಪಂಪು ಹಿಡಿದರೆ ಅಲ್ಯುಮಿನಿಯಂ ಹಾಳೆಗಳು ಹುಲ್ಲು ಮಲಗಿದ ಹಾಗೆ ಬಾಗಿ ಸಂದು ಮುಚ್ಚಿಹೋಗುತ್ತದೆ. ಬ್ಲೀಚು ಅಲ್ಯುಮಿನಿಯಮ್ಮನ್ನು ತಿನ್ನುತ್ತದೆ. ಮನೆಮದ್ದೆಂದು ಬಹಳ ಜನ ಹೇಳುವ ವಿನೆಗರ್ ಕೂಡ ಇಲ್ಲಿ ಬೇಡ. ಅಸಿಟಿಕ್ ಆಮ್ಲದ ಆವಿಯೂ ತೇವವೂ ಸೇರಿದರೆ ತಾಮ್ರದ ಕೊಳವೆಯಲ್ಲಿ ಇರುವೆ ಗೂಡಿನ ಹಾಗೆ ಕಣ್ಣಿಗೆ ಕಾಣದ ಸುರಂಗಗಳು ಬಿದ್ದು ಗ್ಯಾಸ್ ಸೋರಲು ಶುರುವಾಗುತ್ತದೆ. ಬ್ಲೋವರ್ ಕಂಬಳಿ ಹೊದ್ದಿದ್ದರೆ ಅದನ್ನು ಕಳಚಿ ತೊಳೆಸುವುದೇ ಸರಿ. ವಿದ್ಯುತ್ ಬೋರ್ಡನ್ನು ಮುಚ್ಚಿ, ಕೆಳಗೆ ಚೀಲ ಕಟ್ಟಿ, ಕಡಿಮೆ ಒತ್ತಡದ ನೀರಿನಲ್ಲಿ ತೊಳೆಯಬಲ್ಲವರಿಗೆ ವರ್ಷಕ್ಕೊಮ್ಮೆ ಈ ಕೆಲಸ ಒಪ್ಪಿಸಿ, ಹೊರಬಿದ್ದ ನೀರಿನ ಬಣ್ಣವನ್ನು ನೀವೇ ನೋಡಿ.

ನೀರು ಹೋಗುವ ದಾರಿ

ತೇವ ಹೆಚ್ಚಿರುವ ದಿನ ಒಂದು ಟನ್ನಿನ ಎಸಿ ಗಂಟೆಗೆ ಒಂದು, ಒಂದೂವರೆ ಲೀಟರ್ ನೀರನ್ನು ಗಾಳಿಯಿಂದ ಹಿಂಡಬಲ್ಲದು. ಈ ನೀರು ಟ್ರೇಯಲ್ಲಿ ನಿಲ್ಲದೆ ಹೋಗಬೇಕು. ಡ್ರೈನ್ ಪೈಪಿಗೆ ಮೀಟರಿಗೆ ಕನಿಷ್ಠ 1 ಸೆಂಟಿಮೀಟರಿನಷ್ಟು ಇಳಿಜಾರು ಬೇಕು, ನಡುವೆ ಎಲ್ಲೂ ಹೊಟ್ಟೆ ಬಿಡಬಾರದು, ತುದಿ ಬಕೆಟ್ಟಿನ ನೀರಿನಲ್ಲಿ ಮುಳುಗಿರಬಾರದು. ಮುಳುಗಿದ್ದರೆ ಒಳಗಿನ ಗಾಳಿ ಹೊರಹೋಗಲಾರದೆ ನೀರು ತಡೆದು ನಿಲ್ಲುತ್ತದೆ. ಪೈಪಿನ ತುದಿಯನ್ನು ನೇರ ಚರಂಡಿಗೋ ಬಚ್ಚಲ ಕೊಳವೆಗೋ ಜೋಡಿಸಿ ನಡುವೆ ನೀರು ನಿಲ್ಲುವ ಬಾಗು ಬಿಡದಿದ್ದರೆ ಚರಂಡಿಯ ವಾಸನೆ ಎಸಿಯ ಬಾಯಿಂದಲೇ ಬರುತ್ತದೆ. ಎಷ್ಟು ಫಿಲ್ಟರ್ ತೊಳೆದರೂ ಹೋಗದು. ಎಸಿ ವಾಸನೆ ಎಂದಾಗ ಯಾವ ವಾಸನೆ ಎಂದು ಕೇಳಬೇಕಾದ್ದು ಇದಕ್ಕೇ. ಒದ್ದೆ ಕಾಲುಚೀಲದ ವಾಸನೆಯಾದರೆ ಕಾಯಿಲ್, ಬ್ಲೋವರ್. ಕೊಳಚೆಯ ವಾಸನೆಯಾದರೆ ಡ್ರೈನ್. ಸುಟ್ಟ ವಾಸನೆಯಾದರೆ ಕೂಡಲೇ ಎಂಸಿಬಿ ಇಳಿಸಿ, ವೈರಿಂಗ್ ಬಲ್ಲವರನ್ನು ಕರೆಯಿರಿ.

ಟ್ರೇ ಪರೀಕ್ಷೆ ಸುಲಭ. ಜಾಲರಿ ತೆಗೆದಾಗ ಒಂದು ಲೋಟ ನೀರನ್ನು ಕಾಯಿಲಿನ ಕೆಳಭಾಗಕ್ಕೆ ನಿಧಾನ ಸುರಿದು, ಹೊರಗಿನ ತುದಿಯಲ್ಲಿ ಎಷ್ಟು ಹೊತ್ತಿಗೆ ಬರುತ್ತದೆ ನೋಡಿ. ಬಂದ ನೀರಿನಲ್ಲಿ ಲೋಳೆಯ ಎಳೆಗಳಿದ್ದರೆ ಪೈಪ್ ಕಟ್ಟುವ ದಿನ ದೂರವಿಲ್ಲ. ಹೊರತುದಿಗೆ ವ್ಯಾಕ್ಯೂಮ್ ಹಿಡಿದು ಎಳೆದರೆ ಲೋಳೆಯ ಉಂಡೆ ಬರುತ್ತದೆ. ಊದಬಾರದು, ಊದಿದರೆ ಅದು ಟ್ರೇಗೇ ವಾಪಸು.

ಒದ್ದೆಯಾದದ್ದು ಒಂದೆರಡು ದಿನ ಒಣಗದಿದ್ದರೆ ಬೂಷ್ಟು ಹಿಡಿಯುತ್ತದೆ. ಅದಕ್ಕೇ ಆರಿಸುವ ಮೊದಲು ಕೂಲಿಂಗ್ ನಿಲ್ಲಿಸಿ ಹದಿನೈದು ಇಪ್ಪತ್ತು ನಿಮಿಷ ಫ್ಯಾನ್ ಮಾತ್ರ ಓಡಿಸುವ ಅಭ್ಯಾಸ ಒಳ್ಳೆಯದು. ಈಗಿನ ಎಷ್ಟೋ ಎಸಿಗಳು ತಾವಾಗಿಯೇ ಹೀಗೆ ಒಣಗಿಸಿಕೊಳ್ಳುತ್ತವೆ. ಆರಿಸಿದ ಮೇಲೂ ಫ್ಯಾನ್ ತಿರುಗುತ್ತಿದೆಯೆಂದು ಸ್ವಿಚ್ ಎಳೆಯಬೇಡಿ. ಆದರೆ ಒಣಗಿಸುವಾಗ ಆ ತೇವ ಹೋಗುವುದು ನಿಮ್ಮ ಕೋಣೆಗೇ ಎಂಬುದೂ ನೆನಪಿರಲಿ. ಕೂಲಿಂಗಿನ ನಡುವೆ ಕಂಪ್ರೆಸರ್ ನಿಂತಾಗಲೂ ಫ್ಯಾನ್ ಓಡುತ್ತಲೇ ಇದ್ದರೆ ಕಾಯಿಲ್ ಮೇಲಿನ ನೀರು ಮತ್ತೆ ಗಾಳಿ ಸೇರುತ್ತದೆ. ಕೋಣೆಗೆ ಬೇಕಾದ್ದಕ್ಕಿಂತ ದೊಡ್ಡ ಎಸಿ ಹಾಕಿದವರ ಪಾಡು ಇದೇ: ಐದು ನಿಮಿಷದಲ್ಲಿ ತಂಪು, ಕಂಪ್ರೆಸರ್ ಬಂದ್, ತೇವ ಅಲ್ಲೇ. ಚರ್ಮಕ್ಕೆ ಚಳಿ, ಹಾಸಿಗೆಗೆ ಪಸೆ. ಒಂದು ಸಣ್ಣ ತೇವಮಾಪಕ ಇಟ್ಟುಕೊಂಡರೆ ತಿಳಿಯುತ್ತದೆ, ಆರ್ದ್ರತೆ ಶೇ. 60 ದಾಟದಂತೆ, ಸಾಧ್ಯವಾದರೆ 50ರ ಆಸುಪಾಸಿನಲ್ಲಿ ಇರಬೇಕು. ಹಾಸಿಗೆಯಲ್ಲಿ ಬದುಕುವ ಧೂಳುಹುಳಗಳು ಗಾಳಿಯಲ್ಲಿನ ತೇವವನ್ನೇ ಹೀರಿ ಬದುಕುವವು, ಒಣಗಾಳಿಯಲ್ಲಿ ಅವು ಸೊರಗುತ್ತವೆ. ಗಾಳಿಯ ಗುಣಕ್ಕೆ ಎಸಿ ಪ್ರಾಮಾಣಿಕವಾಗಿ ಮಾಡುವ ಉಪಕಾರವೆಂದರೆ ಇದೊಂದೇ.

ಜಾಲರಿಯ ಮೇಲೊಂದು ಹೆಪಾ ಹಾಳೆ?

ಮಾರುಕಟ್ಟೆಯಲ್ಲಿ ಹೆಪಾ, ಅಂದರೆ ತೀರ ಸಣ್ಣ ಕಣವನ್ನೂ ಹಿಡಿಯುವ ಬಗೆಯದು, ಎಂಬ ಹೆಸರಿನಲ್ಲಿ ಕತ್ತರಿಸಿ ಅಂಟಿಸುವ ಫಿಲ್ಟರ್ ಹಾಳೆಗಳು ಸಿಗುತ್ತವೆ. ಜಾಲರಿ ಸಣ್ಣ ಕಣ ಹಿಡಿಯದು ತಾನೆ, ಇದನ್ನೊಂದು ಮೇಲೆ ಹೊದಿಸಿದರೆ ಆಯಿತು ಎಂಬ ಯೋಚನೆ ಸಹಜ. ಸ್ಪ್ಲಿಟ್ ಎಸಿಯ ಮಟ್ಟಿಗೆ ನಾನು ಇದನ್ನು ಬೇಡ ಎನ್ನುತ್ತೇನೆ. ಆ ಉರುಳೆ ಫ್ಯಾನ್ ಬಹಳ ಗಾಳಿಯನ್ನು ಸದ್ದಿಲ್ಲದೆ ಸಾಗಿಸಲು ಮಾಡಿದ್ದು, ಅಡ್ಡಿಯ ಎದುರು ತಳ್ಳಲು ಮಾಡಿದ್ದಲ್ಲ. ಕೆಲವು ಪ್ಯಾಸ್ಕಲ್ ಒತ್ತಡ ಹೆಚ್ಚಾದರೂ ಅದರ ಗಾಳಿ ಕುಸಿಯುತ್ತದೆ, ಮತ್ತೆ ಅದೇ ಮಂಜುಗಡ್ಡೆ. ತೆಳು ಹಾಳೆಯಾದರೆ ಅಡ್ಡಿಯೂ ಕಡಿಮೆ, ಹಿಡಿಯುವುದೂ ಕಡಿಮೆ. ಅಂಚಿನಲ್ಲಿ ಸಂದು ಬಿಟ್ಟರಂತೂ ಗಾಳಿ ಹಾಳೆಯನ್ನು ಬಳಸಿಕೊಂಡೇ ಹೋಗುತ್ತದೆ. ಗಾಳಿಗೆ ಸುಲಭದ ದಾರಿ ಇರುವಾಗ ಅದು ಕಷ್ಟದ ದಾರಿ ಹಿಡಿಯುವುದಿಲ್ಲ.

ಫಿಲ್ಟರ್ ಜರಡಿಯಲ್ಲ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಸಣ್ಣ ಕಣ ಹಿಡಿಯುವ ಫಿಲ್ಟರಿನ ನಾರುಗಳ ನಡುವಿನ ಸಂದು ಕಣಕ್ಕಿಂತ ಎಷ್ಟೋ ದೊಡ್ಡದು. ದಪ್ಪ ಕಣ ತನ್ನ ಭಾರಕ್ಕೆ ತಿರುವಿನಲ್ಲಿ ತಿರುಗಲಾರದೆ ನಾರಿಗೆ ಬಡಿಯುತ್ತದೆ. ತೀರ ಸಣ್ಣದು ಗಾಳಿಯ ಅಣುಗಳ ಹೊಡೆತಕ್ಕೆ ದಿಕ್ಕೆಟ್ಟು ಅಲೆದು ನಾರಿಗೆ ತಗುಲುತ್ತದೆ. ನಡುವಿನದು, ಸುಮಾರು 0.3 ಮೈಕ್ರಾನಿನದು, ಬಡಿಯುವಷ್ಟು ಭಾರವಿಲ್ಲ, ಅಲೆಯುವಷ್ಟು ಹಗುರವಿಲ್ಲ. ಹೆಚ್ಚು ನುಸುಳುವುದು ಅದೇ. ಹೆಪಾ ಎಂದರೆ 0.3 ಮೈಕ್ರಾನಿನಲ್ಲಿ ಶೇ. 99.97 ಹಿಡಿಯಬೇಕೆಂಬ ಅಳತೆ ಬಂದದ್ದು ಆ ಕಾರಣಕ್ಕೆ. ಹೆಪಾ 0.3ಕ್ಕಿಂತ ಸಣ್ಣ ವೈರಾಣು ಹಿಡಿಯದು ಎಂಬ ಮಾತು ಇದನ್ನು ತಲೆಕೆಳಗಾಗಿ ಓದಿದ್ದರ ಫಲ.

ಡಕ್ಟ್ (ಕೋಣೆಕೋಣೆಗೆ ಗಾಳಿ ಒಯ್ಯುವ ಕೊಳವೆ) ಇರುವ ಸೆಂಟ್ರಲ್ ಎಸಿಯ ಕಥೆ ಬೇರೆ. ಅಲ್ಲಿ ಫಿಲ್ಟರನ್ನು ನಿಜವಾಗಿಯೂ ಮೇಲ್ದರ್ಜೆಗೆ ಏರಿಸಬಹುದು. ಫಿಲ್ಟರ್ ಎಷ್ಟು ಕಣ ಹಿಡಿಯುತ್ತದೆಂದು ಹೇಳುವ, ಅಮೆರಿಕದ ಹವಾನಿಯಂತ್ರಣ ಇಂಜಿನಿಯರುಗಳ ಆಶ್ರೇ ಸಂಸ್ಥೆಯ ಮರ್ವ್ ಅಂಕಗಳಲ್ಲಿ ಮರ್ವ್ 8 ಎಂದರೆ 3ರಿಂದ 10 ಮೈಕ್ರಾನಿನ ಕಣಗಳಲ್ಲಿ ಕನಿಷ್ಠ ಶೇ. 70 ಹಿಡಿಯುವುದು, 1 ಮೈಕ್ರಾನಿಗಿಂತ ಸಣ್ಣ ಕಣದ ಬಗ್ಗೆ ಅದು ಯಾವ ಮಾತೂ ಕೊಡುವುದಿಲ್ಲ. ಮರ್ವ್ 13 ಆದರೆ 0.3ರಿಂದ 1 ಮೈಕ್ರಾನಿನವುಗಳಲ್ಲಿ ಕನಿಷ್ಠ ಅರ್ಧ, 1ರಿಂದ 3ರವರೆಗೆ ಶೇ. 85, ಅದರ ಮೇಲಿನವು ಶೇ. 90. ಉಸಿರಿನ ದೃಷ್ಟಿಯಿಂದ ಲೆಕ್ಕಕ್ಕೆ ಬರುವುದು ಇಲ್ಲಿಂದಲೇ. ಆದರೆ ಒಂದು ಇಂಚು ದಪ್ಪದ ಚೌಕಟ್ಟಿನಲ್ಲಿ ಮರ್ವ್ 13 ತುರುಕುವ ಮೊದಲು ಗಾಳಿಯ ವೇಗ ಲೆಕ್ಕ ಹಾಕಿ. ಟನ್ನಿಗೆ ನಿಮಿಷಕ್ಕೆ ಸುಮಾರು 400 ಘನ ಅಡಿ ಎಂಬ ವಾಡಿಕೆಯ ಲೆಕ್ಕದಲ್ಲಿ 3 ಟನ್ನಿಗೆ 1200. ಫಿಲ್ಟರ್ 20×25 ಇಂಚಿನದಾದರೆ ಅದರ ಮುಖ 3.5 ಚದರಡಿಗೂ ತುಸು ಕಡಿಮೆ. ವೇಗ ನಿಮಿಷಕ್ಕೆ ಸುಮಾರು 345 ಅಡಿ. ಇದು 300ರ ಒಳಗಿದ್ದರೆ ನೆಮ್ಮದಿ. ಫ್ಯಾನಿಗೆ ಒಟ್ಟು ಅರ್ಧ ಇಂಚು ನೀರಿನ ಒತ್ತಡ, ಅಂದರೆ 125 ಪ್ಯಾಸ್ಕಲ್, ಎಂದಿಟ್ಟು ವಿನ್ಯಾಸ ಮಾಡಿರುವ ವ್ಯವಸ್ಥೆಯಲ್ಲಿ ಫಿಲ್ಟರ್ ಒಂದೇ ಅದರ ಅರ್ಧ ನುಂಗಿದರೆ ಡಕ್ಟಿಗೂ ಕಾಯಿಲಿಗೂ ಏನು ಉಳಿಯಿತು? ಪರಿಹಾರ ಫಿಲ್ಟರಿನ ದರ್ಜೆ ಇಳಿಸುವುದಲ್ಲ, ಅದರ ಹರವು ಹೆಚ್ಚಿಸುವುದು. ನಾಲ್ಕು ಇಂಚು ಆಳದ ಮಡಿಕೆ ಫಿಲ್ಟರಿನಲ್ಲಿ ಬಟ್ಟೆಯ ಹರವು ಹಲವು ಪಟ್ಟು. ಇಲ್ಲವೇ ಗಾಳಿ ಎಳೆಯುವ ಇನ್ನೊಂದು ಬಾಯಿ ಕೊಟ್ಟು ವೇಗವನ್ನು ಅರ್ಧಕ್ಕಿಳಿಸಬಹುದು.

ಕೊಳ್ಳುವಾಗ ಹೆಸರಿನ ಅಳತೆಗೂ ನಿಜದ ಅಳತೆಗೂ ಅರ್ಧ ಇಂಚಿನವರೆಗೆ ವ್ಯತ್ಯಾಸ ಇರುತ್ತದೆ, ಟೇಪಿನಲ್ಲಿ ಅಳೆದೇ ತನ್ನಿ. ಚೌಕಟ್ಟಿನ ಬಾಣ ಫ್ಯಾನಿನ ಕಡೆ ತೋರಬೇಕು. ಕೂರಿಸಿದ ಮೇಲೆ ಸುತ್ತ ಸಂದು ಉಳಿದಿದ್ದರೆ ಫೋಮ್ ಪಟ್ಟಿ ಅಂಟಿಸಿ ಮುಚ್ಚಿ. ಹಳೆಯ ಫಿಲ್ಟರ್ ತೆಗೆದಾಗ ಹಿಂಬದಿಯ ಅಂಚಿನುದ್ದಕ್ಕೂ ಕಪ್ಪು ಗೆರೆ ಕಂಡರೆ ಗಾಳಿ ಅಲ್ಲಿಂದ ಕಳ್ಳದಾರಿ ಹಿಡಿದಿದೆ ಎಂದರ್ಥ. ಇನ್ನೊಂದು ಮಾತು: ಮಡಿಕೆ ಫಿಲ್ಟರ್ ಹಳತಾಗುತ್ತಾ ಕಣ ಹಿಡಿಯುವುದರಲ್ಲಿ ಕೆಡಬೇಕೆಂದಿಲ್ಲ, ಕೂತ ಧೂಳೇ ಹೊಸ ನಾರಿನಂತೆ ಕೆಲಸ ಮಾಡುತ್ತದೆ. ಬದಲಿಸುವುದು ಹರಿವು ನಿಂತಿತೆಂಬ ಕಾರಣಕ್ಕೆ. ಹೊಸದಾಗಿದ್ದಾಗಿನ ಒತ್ತಡದ ಎರಡರಷ್ಟಾದರೆ ಬದಲಿಸಿ ಎಂಬುದು ಒಳ್ಳೆಯ ಅಳತೆಗೋಲು; ತಿಂಗಳ ಲೆಕ್ಕಕ್ಕಿಂತ ಅದು ನಿಖರ.

ಯಾವ ಫಿಲ್ಟರಿಗೂ ಸಿಗದ್ದು

ಮತ್ತೆ ಆ ಬೆಳಗಿನ ತಲೆಭಾರಕ್ಕೆ ಬರೋಣ. ಸ್ಪ್ಲಿಟ್ ಎಸಿ ಹೊರಗಿನಿಂದ ಗಾಳಿ ತರುವುದಿಲ್ಲ. ಹೊರಗಿನ ಪೆಟ್ಟಿಗೆಗೂ ಒಳಗಿನದಕ್ಕೂ ನಡುವೆ ಓಡಾಡುವುದು ಗ್ಯಾಸ್ ಮಾತ್ರ. ಕೋಣೆಯ ಗಾಳಿಯೇ ರಾತ್ರಿಯಿಡೀ ಸುತ್ತುತ್ತದೆ. ವಿಂಡೋ ಎಸಿಯಲ್ಲಿ ಸಣ್ಣ ಕಿಂಡಿಯೊಂದು ಇರುತ್ತದೆ, ಅದರಿಂದ ಬರುವುದು ಅತ್ಯಲ್ಪ. 3×4 ಮೀಟರಿನ, 2.8 ಮೀಟರ್ ಎತ್ತರದ ಕೋಣೆಯಲ್ಲಿ ಇರುವ ಗಾಳಿ 33.6 ಘನಮೀಟರ್. ಮಲಗಿದ ಒಬ್ಬರು ಗಂಟೆಗೆ ಸುಮಾರು 13 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾರೆ ಎಂದಿಟ್ಟುಕೊಂಡರೆ ಇಬ್ಬರಿಗೆ 26. ಒಂದಿಷ್ಟೂ ಸೋರಿಕೆಯಿಲ್ಲದ ಕೋಣೆಯಾದರೆ ಗಂಟೆಗೆ 770 ಪಿಪಿಎಂನಷ್ಟು (ಹತ್ತು ಲಕ್ಷ ಪಾಲು ಗಾಳಿಯಲ್ಲಿ 770 ಪಾಲು) ಏರಿಕೆ. ನಿಜದ ಕೋಣೆ ಸೋರುತ್ತದೆ. ಎರಡು ಗಂಟೆಗೊಮ್ಮೆ ಗಾಳಿಯೆಲ್ಲ ಬದಲಾಗುವಷ್ಟು ಸಂದುಗಳಿದ್ದರೂ ಬೆಳಗಾಗುವ ಹೊತ್ತಿಗೆ ಅದು 1900ರ ಮೇಲಿರುತ್ತದೆ; ಹೊರಗೆ ಸುಮಾರು 420. ಗಂಟೆಗೊಮ್ಮೆ ಬದಲಾದರೆ 1200ರ ಸುತ್ತ ನಿಲ್ಲುತ್ತದೆ. ಈ ಮಟ್ಟದಲ್ಲಿ ಅದು ವಿಷವಲ್ಲ, ಆದರೆ ನಾವು ಬಿಟ್ಟ ಉಸಿರನ್ನೇ ಎಷ್ಟು ಮತ್ತೆ ಎಳೆದುಕೊಳ್ಳುತ್ತಿದ್ದೇವೆ ಎಂಬುದಕ್ಕೆ ಇದಕ್ಕಿಂತ ಸರಳ ಅಳತೆಯಿಲ್ಲ. ಹೆಪಾ ಇರಲಿ, ಏನೇ ಇರಲಿ, ಈ ಅನಿಲವನ್ನು ಹಿಡಿಯದು. ಕಿಟಕಿ ಎರಡು ಬೆರಳಷ್ಟು ತೆರೆಯುವುದು, ಕೋಣೆಯ ಬಾಗಿಲನ್ನು ಓರೆ ಮಾಡುವುದು, ಇವೇ ದಾರಿ. ಕರೆಂಟು ತುಸು ಹೆಚ್ಚು ಹೋಗುತ್ತದೆ, ಹೋಗಲಿ.

ಬಣ್ಣ, ಪ್ಲೈವುಡ್ಡು, ಹೊಸ ಪೀಠೋಪಕರಣ ಬಿಡುವ ಆವಿಗಳಿಗೆ ಇದ್ದಿಲು ಬೇಕು, ಅದೂ ನೂರಾರು ಗ್ರಾಂ. ಜಾಲರಿಗೆ ಅಂಟಿಸುವ ಬಿಸ್ಕತ್ತಿನಗಲದ ಕಪ್ಪು ಪಟ್ಟಿ ಬೇಗನೆ ತುಂಬಿಹೋಗುತ್ತದೆ, ಫಾರ್ಮಾಲ್ಡಿಹೈಡನ್ನಂತೂ ಸಾದಾ ಇದ್ದಿಲು ಸರಿಯಾಗಿ ಹಿಡಿದಿಡುವುದೇ ಇಲ್ಲ. ಕಾರ್ಬನ್ ಮಾನಾಕ್ಸೈಡಿಗೆ ಮನೆಯಲ್ಲಿ ಬಳಸುವ ಯಾವ ಫಿಲ್ಟರೂ ತಡೆಯಲ್ಲ. ಉರಿಯುವ ಯಾವುದನ್ನೂ ಮುಚ್ಚಿದ ಎಸಿ ಕೋಣೆಯಲ್ಲಿ ಇಡಬಾರದು. ಜನರೇಟರ್ ಕಿಟಕಿಯ ಬಳಿ ಇರಬಾರದು.

ಗಾಳಿ ಶುದ್ಧಿಗೆಂದು ಅಯಾನು (ವಿದ್ಯುತ್ ಹೊತ್ತ ಕಣ) ಬಿಡುವ ಉಪಕರಣಗಳನ್ನು ನಾನು ಸೂಚಿಸುವುದಿಲ್ಲ. ಕೆಲವು ಓಝೋನ್ ಹುಟ್ಟಿಸುತ್ತವೆ, ಶ್ವಾಸನಾಳಕ್ಕೆ ಅದು ಉರಿ. ಕ್ಯಾಲಿಫೋರ್ನಿಯಾ ಇಂಥ ಉಪಕರಣಗಳಿಗೆ 0.050 ಪಿಪಿಎಂ ಮಿತಿ ಹಾಕಿದೆ. ಎಸಿಯೊಳಗಿನ 254 ನ್ಯಾನೋಮೀಟರಿನ ಯುವಿ ದೀಪ ಸದಾ ಒಂದೇ ಕಡೆ ಬಿದ್ದು ಕಾಯಿಲಿನ ಲೋಳೆಯನ್ನು ಅಡಗಿಸಬಲ್ಲದು; ಕ್ಷಣದಲ್ಲಿ ಹಾದುಹೋಗುವ ಗಾಳಿಗೆ ಅದರಿಂದ ಆಗುವುದು ಕಡಿಮೆ.

ಕಣಕ್ಕೆ ಬೇರೆ ಯಂತ್ರ

ಕಣ ಹಿಡಿಯುವ ಕೆಲಸವನ್ನು ಎಸಿಯ ತಲೆಗೆ ಕಟ್ಟದೆ ಗಾಳಿ ಶೋಧಿಸುವ ಪ್ಯೂರಿಫೈಯರಿಗೆ ಕೊಡುವುದು ಲೇಸು. ಅದರಲ್ಲಿ ನೋಡಬೇಕಾದ್ದು ಹೆಪಾ ಎಂಬ ಪದವನ್ನಲ್ಲ, ಗಂಟೆಗೆ ಎಷ್ಟು ಘನಮೀಟರ್ ಶುದ್ಧ ಗಾಳಿ ಕೊಡುತ್ತದೆ ಎಂಬ ಸಿಎಡಿಆರ್ ಅಂಕವನ್ನು. ಒಂದು ಸಲಕ್ಕೆ ಶೇ. 99.97 ಹಿಡಿದು ಗಂಟೆಗೆ 100 ಘನಮೀಟರ್ ಸಾಗಿಸುವ ಯಂತ್ರಕ್ಕಿಂತ, ಶೇ. 60 ಹಿಡಿದು 400 ಸಾಗಿಸುವ ಯಂತ್ರ ಕೋಣೆಯನ್ನು ಎರಡೂಕಾಲು ಪಟ್ಟಿಗೂ ಹೆಚ್ಚು ವೇಗವಾಗಿ ತೊಳೆಯುತ್ತದೆ. 2020ರಲ್ಲಿ ಅಮೆರಿಕದ ಇಂಜಿನಿಯರ್ ರಿಚರ್ಡ್ ಕೋರ್ಸಿ ಮತ್ತು ಫಿಲ್ಟರ್ ಉದ್ಯಮಿ ಜಿಮ್ ರೋಸೆಂತಾಲ್ ರೂಪಿಸಿದ ಪೆಟ್ಟಿಗೆ, ನಾಲ್ಕು ಮರ್ವ್ 13 ಫಿಲ್ಟರುಗಳನ್ನು ಗೋಡೆಯಾಗಿ ನಿಲ್ಲಿಸಿ ಮೇಲೊಂದು ಬಾಕ್ಸ್ ಫ್ಯಾನ್ ಮಲಗಿಸಿದ್ದು, ಚೆನ್ನಾಗಿ ಕೆಲಸ ಮಾಡುವುದರ ಗುಟ್ಟು ಇಷ್ಟೇ. ಮೇಲೆ ಹೇಳಿದ ಕೋಣೆಗೆ ಗಂಟೆಗೆ ಐದು ಸಲ ಗಾಳಿ ಶೋಧಿಸಲು 33.6ನ್ನು 5ರಿಂದ ಗುಣಿಸಿ: ಗಂಟೆಗೆ 168 ಘನಮೀಟರ್. ಪ್ಯೂರಿಫೈಯರ್ ಮಾರುವಾಗ ಬರೆದಿರುವ ಸಿಎಡಿಆರ್ ಅಂಕ ಪೂರ್ತಿ ವೇಗದ್ದು, ಆ ಸದ್ದಿನಲ್ಲಿ ಯಾರೂ ಮಲಗಲಾರರು. ಮಲಗುವ ವೇಗದಲ್ಲಿ 168 ಸಿಗುವಂಥದ್ದನ್ನು ಆರಿಸಿ.

ಲೇಸರಿನ ಸಣ್ಣ ಪಿಎಂ ಮಾಪಕವೊಂದಿದ್ದರೆ ಇದನ್ನೆಲ್ಲ ಕಣ್ಣಾರೆ ನೋಡಬಹುದು. ಏನಾದರೂ ಹುರಿದು ಕೋಣೆಯ ಪಿಎಂ 2.5 ಅಂಕ (ಘನಮೀಟರಿಗೆ ಮೈಕ್ರೋಗ್ರಾಂ ಲೆಕ್ಕದಲ್ಲಿ) 200 ಆದಾಗ ಬಾಗಿಲು ಮುಚ್ಚಿ ಎಸಿ ಮಾತ್ರ ಹಾಕಿ, ಹನ್ನೆರಡು ನಿಮಿಷಕ್ಕೊಮ್ಮೆ ಬರೆದುಕೊಳ್ಳಿ. ಅಂಕ ತೆವಳುತ್ತಾ ಇಳಿಯುತ್ತದೆ, ಅದರಲ್ಲೂ ಬಹುಪಾಲು ಸೋರಿಕೆಯಿಂದ, ಗೋಡೆಗೆ ಅಂಟಿಕೊಂಡದ್ದರಿಂದ. ಇನ್ನೊಂದು ದಿನ ಅದೇ 200ರಿಂದ ಪ್ಯೂರಿಫೈಯರ್ ಹಾಕಿ. ಗಂಟೆಗೆ ಐದು ಸುತ್ತಿನ ಲೆಕ್ಕ ಸರಿಯಿದ್ದರೆ ಹನ್ನೆರಡು ನಿಮಿಷಕ್ಕೆ 74, ಇಪ್ಪತ್ತನಾಲ್ಕಕ್ಕೆ 27, ಮೂವತ್ತಾರಕ್ಕೆ 10ರ ಸಮೀಪ ಬರಬೇಕು, ಜೊತೆಗೆ ಹೊರಗಿನಿಂದ ನುಸುಳಿದ್ದು ಒಂದಿಷ್ಟು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಪಿಎಂ 2.5ರ ದಿನದ ಸರಾಸರಿ ಘನಮೀಟರಿಗೆ 15 ಮೈಕ್ರೋಗ್ರಾಂ, ವರ್ಷದ್ದು 5. ಇಳಿಕೆ ಇದಕ್ಕಿಂತ ಬಹಳ ನಿಧಾನವಾಗಿದ್ದರೆ ಮೊದಲು ಪ್ಯೂರಿಫೈಯರ್ ಪರದೆಗೋ ಗೋಡೆಗೋ ಮುಖ ಅಂಟಿಸಿ ಕೂತಿದೆಯೇ ನೋಡಿ, ಆಮೇಲೆ ಅದರ ಫಿಲ್ಟರಿನ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿದ್ದೀರಾ ನೋಡಿ. ಬಿಚ್ಚದೆ ತಿಂಗಳುಗಟ್ಟಲೆ ಓಡಿಸುವುದು ಅಪರೂಪವಲ್ಲ. ಮಾಪಕವನ್ನು ಎಸಿಯ ಗಾಳಿ ನೇರ ಬೀಳುವ ಕಡೆ ಇಡಬೇಡಿ, ಹಾಸಿಗೆಯ ದಿಂಬಿನ ಎತ್ತರಕ್ಕೆ ಇಡಿ. ತೇವ ತೀರ ಹೆಚ್ಚಿರುವ ದಿನ ಕಣಗಳು ನೀರು ಕುಡಿದು ಉಬ್ಬಿ ಅಂಕ ಇದ್ದದ್ದಕ್ಕಿಂತ ಹೆಚ್ಚು ತೋರುತ್ತದೆ, ಹಾಗಾಗಿ ಎರಡೂ ಪರೀಕ್ಷೆಯನ್ನು ಒಂದೇ ಬಗೆಯ ಹವೆಯ ದಿನಗಳಲ್ಲಿ ಮಾಡಿ, ಆರ್ದ್ರತೆಯನ್ನೂ ಪಕ್ಕದಲ್ಲಿ ಬರೆದುಕೊಳ್ಳಿ.